ಸಹಕಾರ ಸಂಘಗಳ ಮೂಲಕ ಗ್ರಾಮೀಣ ಆರ್ಥಿಕ ಅಭಿವೃದ್ಧಿ: ಸಿಂಗಸಂದ್ರ ಹಾಗೂ ನೆರೆಯ ಗ್ರಾಮಗಳ ಸದಸ್ಯರಿಗೆ ಮಾಹಿತಿ

ಬೆಂಗಳೂರು ದಕ್ಷಿಣ ತಾಲ್ಲೂಕಿನ ಬೇಗೂರು ಹೋಬಳಿಗೆ ಸೇರಿದ ಸಿಂಗಸಂದ್ರ ಗ್ರಾಮವು ಹೊಸೂರು ರಸ್ತೆಯಲ್ಲಿ ಬೊಮ್ಮನಹಳ್ಳಿ ಮತ್ತು ಎಲೆಕ್ಟ್ರಾನಿಕ್ ಸಿಟಿಗಳ ನಡುವೆ ಇದೆ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಹಾಗೂ ದೊಡ್ಡತೋಗೂರು ಗ್ರಾಮಗಳ 332 ಎಕರೆ ಪ್ರದೇಶದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿದ ತರುವಾಯ, ಈ ರಸ್ತೆಯ ಇಕ್ಕೆಲಗಳ ರಾಗಿ ಹೊಲ ಮತ್ತು ತೋಟಗಳು ಕ್ರಮೇಣ ಬಡಾವಣೆಗಳಾದವು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ರಚನೆಯಾದಾಗ ಏಳು ನಗರಸಭೆ, ಒಂದು ಪುರಸಭೆ ಹಾಗೂ 110 ಗ್ರಾಮಗಳು ನಗರಕ್ಕೆ ಸೇರಿದವು. 2010ರ ಪಾಲಿಕೆ ಚುನಾವಣೆಯ ಹೊತ್ತಿಗೆ ಸಿಂಗಸಂದ್ರ ಎಂಬ ಹೆಸರಿನದೇ ಒಂದು ವಾರ್ಡ್ ಇತ್ತು. 2025ರ ಆಗಸ್ಟ್‌ನಲ್ಲಿ ಮೆಟ್ರೋ ಹಳದಿ ಮಾರ್ಗವು ಆರಂಭವಾಗಿ, ಸಿಂಗಸಂದ್ರದಲ್ಲಿ ನಿಲ್ದಾಣವೂ ಆಯಿತು.

ಹೀಗಿರುವಾಗ, "ಊರೇ ನಗರವಾದ ಮೇಲೆ ಗ್ರಾಮೀಣ ಸಹಕಾರ ಸಂಘದಿಂದ ನಮಗೇನು ಪ್ರಯೋಜನ? ಅಜ್ಜನ ಹೆಸರಿನಲ್ಲಿರುವ ಷೇರು ಇನ್ನೂ ಚಾಲ್ತಿಯಲ್ಲಿದೆಯೇ?" ಎಂಬ ಪ್ರಶ್ನೆಗಳು ಸಹಜವಾಗಿಯೇ ಏಳುತ್ತವೆ. ಜಮೀನು ಕಡಿಮೆಯಾಗಿದ್ದರೂ ಹಸು ಕಟ್ಟಿ ಜೀವನ ನಡೆಸುವ, ಅಳಿದುಳಿದ ತುಂಡು ಜಮೀನಿನಲ್ಲಿ ಸೊಪ್ಪು ತರಕಾರಿ ಬೆಳೆಯುವ ಕುಟುಂಬಗಳು ನಗರದ ಈ ಅಂಚಿನಲ್ಲಿ ಇಂದಿಗೂ ಇವೆ. ಆನೇಕಲ್ ತಾಲ್ಲೂಕಿನ ಕಡೆಗೆ ಸಾಗಿದಂತೆ ಅಂತಹವರ ಸಂಖ್ಯೆಯೂ ಹೆಚ್ಚುತ್ತದೆ. ಅಂತಹ ಕುಟುಂಬಗಳು ಸಹಕಾರ ಸಂಘದಿಂದ ಯಾವ ಸೌಲಭ್ಯಗಳನ್ನು ಪಡೆಯಬಹುದು, ಸದಸ್ಯತ್ವವನ್ನು ಹೇಗೆ ಪಡೆಯಬೇಕು ಹಾಗೂ ಮುಖ್ಯವಾಗಿ ಅದನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ಸಹಕಾರ ಸಂಘ ಎಂದರೇನು?

ಸಹಕಾರ ಸಂಘವು ಸರ್ಕಾರದ ಕಚೇರಿಯಲ್ಲ. ಸಂಘದ ಕಟ್ಟಡದ ಮೇಲೆ ಸರ್ಕಾರದ ಯೋಜನೆಗಳ ಫಲಕ ಇರುವುದರಿಂದಲೂ, ಕೆಲವೆಡೆ ಪಡಿತರವನ್ನು ಅಲ್ಲಿಯೇ ವಿತರಿಸುವುದರಿಂದಲೂ ಅನೇಕರು ಹಾಗೆಂದು ಭಾವಿಸುತ್ತಾರೆ. ಸಂಘವು ಅದರ ಸೇವೆಯನ್ನು ಬಳಸುವವರೇ ಒಡೆಯರಾಗಿರುವ ಒಂದು ವ್ಯಾಪಾರ ಸಂಸ್ಥೆ. ಖಾಸಗಿ ಕಂಪನಿಯಲ್ಲಿ ಹೆಚ್ಚು ಷೇರು ಉಳ್ಳವರಿಗೆ ಹೆಚ್ಚು ಮತಗಳಿರುತ್ತವೆ. ಸಹಕಾರ ಸಂಘದಲ್ಲಿ ಒಂದೇ ಷೇರು ಉಳ್ಳ ಕೂಲಿ ಕಾರ್ಮಿಕರಿಗೂ ನೂರು ಷೇರು ಉಳ್ಳ ಜಮೀನುದಾರರಿಗೂ ತಲಾ ಒಂದೇ ಮತ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ನೇಕಾರರೇ ಮೊದಲಾದ 28 ಮಂದಿ ಕೂಡಿ ಅಂಗಡಿಯೊಂದನ್ನು ತೆರೆದಾಗ ಅನುಸರಿಸಿದ ಈ ನಿಯಮವು ಇಂದಿಗೂ ವಿಶ್ವದ ಎಲ್ಲೆಡೆ ಸಹಕಾರದ ಮೂಲ ನಿಯಮವಾಗಿದೆ.

ಸಂಘದ ಹೆಸರಿನ ಕೊನೆಯಲ್ಲಿ ಬರುವ "ನಿಯಮಿತ" ಎಂಬ ಪದಕ್ಕೆ ಅರ್ಥವಿದೆ. ಸಂಘವು ನಷ್ಟಕ್ಕೆ ಒಳಗಾದಲ್ಲಿ ಸದಸ್ಯರ ಹೊಣೆಯು ನಿಗದಿಪಡಿಸಿದ ಮಿತಿಯನ್ನು ಮೀರುವುದಿಲ್ಲ ಎಂಬುದೇ ಅದರ ತಾತ್ಪರ್ಯ. ಲಾಭ ಬಂದಲ್ಲಿ ಅದರ ನಾಲ್ಕನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟನ್ನು ಆಪದ್ಧನ ನಿಧಿಗೆ ತೆಗೆದಿರಿಸಿ, ಉಳಿದುದನ್ನು ಉಪವಿಧಿಗಳ ಪ್ರಕಾರ ಲಾಭಾಂಶ, ಬೋನಸ್ ಮುಂತಾದ ರೂಪದಲ್ಲಿ ಹಂಚಲಾಗುತ್ತದೆ. ಉಪವಿಧಿ ಎಂದರೆ ಸಂಘವು ತನಗಾಗಿ ರಚಿಸಿಕೊಂಡು ನಿಬಂಧಕರಲ್ಲಿ ನೋಂದಾಯಿಸಿದ ನಿಯಮಾವಳಿ. ಈ ಲೇಖನದಲ್ಲಿ ಈ ಪದವು ಪದೇ ಪದೇ ಬರುತ್ತದೆ. ಸದಸ್ಯರಾಗಬಯಸುವವರು ಉಪವಿಧಿಗಳ ಪುಸ್ತಿಕೆಯನ್ನು ಸಂಘದಿಂದ ಕೇಳಿ ಪಡೆದು ಒಮ್ಮೆಯಾದರೂ ಓದಿಕೊಳ್ಳುವುದು ಒಳಿತು. ಬಹುತೇಕ ವಿವಾದಗಳು ಅದನ್ನು ಯಾರೂ ಓದದೇ ಇರುವುದರಿಂದ ಹುಟ್ಟುತ್ತವೆ.

ಹಿನ್ನೆಲೆ

ಬ್ರಿಟಿಷ್ ಸರ್ಕಾರವು 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆಯನ್ನು ಜಾರಿಗೆ ತಂದಿತು. ಮರುವರ್ಷವೇ, ಎಂದರೆ 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳ ಗ್ರಾಮದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವು ಸ್ಥಾಪನೆಯಾಯಿತು. ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸುವುದು ಅದರ ಉದ್ದೇಶವಾಗಿತ್ತು. ಮೈಸೂರು ಸಂಸ್ಥಾನದಲ್ಲಿಯೂ ಅದೇ ವರ್ಷ ಸಹಕಾರ ಚಟುವಟಿಕೆಯು ಆರಂಭವಾಯಿತು. ಈಗಿನ ಕರ್ನಾಟಕ ರಾಜ್ಯ ಸಹಕಾರ ಅಪೆಕ್ಸ್ ಬ್ಯಾಂಕಿನ ಮೂಲವು 1915ರಷ್ಟು ಹಿಂದಿನದು. ರಾಜ್ಯದ ಏಕೀಕರಣದ ನಂತರ ಎಲ್ಲ ಪ್ರದೇಶಗಳಿಗೂ ಅನ್ವಯಿಸುವಂತೆ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959 ಜಾರಿಗೆ ಬಂದಿತು. ಹೆಚ್ಚಿನ ಸ್ವಾಯತ್ತತೆಯನ್ನು ಬಯಸುವ ಸಂಘಗಳಿಗಾಗಿ ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆ 1997 ರಚನೆಯಾಗಿ, 2001ರ ಜನವರಿಯಿಂದ ಜಾರಿಯಲ್ಲಿದೆ. 2012ರಲ್ಲಿ ಜಾರಿಗೆ ಬಂದ ಸಂವಿಧಾನದ 97ನೇ ತಿದ್ದುಪಡಿಯು ಸಹಕಾರ ಸಂಘ ರಚಿಸಿಕೊಳ್ಳುವುದನ್ನು ನಾಗರಿಕರ ಮೂಲಭೂತ ಹಕ್ಕುಗಳಲ್ಲಿ ಸೇರಿಸಿತು.

ಹಾಲು ಉತ್ಪಾದಕರ ಸಹಕಾರ ಸಂಘ

ನಗರದ ಅಂಚಿನ ಕುಟುಂಬಗಳಿಗೆ ಅತಿ ಹೆಚ್ಚು ಉಪಯುಕ್ತವಾದುದು ಹಾಲು ಉತ್ಪಾದಕರ ಸಂಘ. ಇದಕ್ಕೆ ಕಾರಣ ಸರಳ. ಬೆಳೆ ಸಾಲಕ್ಕೆ ಪಹಣಿ ಬೇಕು. ಹಾಲು ಹಾಕಲು ಹಸು ಇದ್ದರೆ ಸಾಕು. ಜಮೀನು ಮಾರಿದವರು, ಜಮೀನೇ ಇಲ್ಲದವರು, ಗಂಡನ ಹೆಸರಿನಲ್ಲಿ ಮಾತ್ರ ಜಮೀನು ಇರುವ ಮಹಿಳೆಯರು, ಇವರೆಲ್ಲರೂ ಸಂಘದ ಕಾರ್ಯವ್ಯಾಪ್ತಿಯಲ್ಲಿ ವಾಸವಿದ್ದು ಹಾಲು ಕರೆಯುವ ರಾಸು ಹೊಂದಿದ್ದಲ್ಲಿ ಸದಸ್ಯರಾಗಬಹುದು. ಮಹಿಳೆಯರಷ್ಟೇ ಸದಸ್ಯರಾಗಿರುವ ಹಾಲು ಉತ್ಪಾದಕರ ಸಂಘಗಳೂ ರಾಜ್ಯದಲ್ಲಿ ಇವೆ.

ಕರ್ನಾಟಕದಲ್ಲಿ ಈ ವ್ಯವಸ್ಥೆಯು ಮೂರು ಹಂತಗಳಲ್ಲಿದೆ. ಗ್ರಾಮ ಮಟ್ಟದಲ್ಲಿ ಸಂಘ, ಜಿಲ್ಲೆ ಅಥವಾ ಕೆಲವು ಜಿಲ್ಲೆಗಳಿಗೆ ಸೇರಿ ಹಾಲು ಒಕ್ಕೂಟ, ರಾಜ್ಯ ಮಟ್ಟದಲ್ಲಿ ಮಹಾಮಂಡಳಿ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನೊಂದಿಗೆ ಆರಂಭವಾದ ಹೈನು ಅಭಿವೃದ್ಧಿ ನಿಗಮವು 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿಯಾಯಿತು. ಸದರಿ ಮಹಾಮಂಡಳಿಯ "ನಂದಿನಿ" ಹೆಸರನ್ನು ತಿಳಿಯದವರು ಇಲ್ಲ. 1975ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಲು ಒಕ್ಕೂಟವು ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ ಹಾಗೂ ರಾಮನಗರ ಭಾಗದ ಸಂಘಗಳಿಂದ ಹಾಲು ಸಂಗ್ರಹಿಸುತ್ತದೆ. ಅದರ ಡೇರಿಯು ಹೊಸೂರು ರಸ್ತೆಯಲ್ಲಿಯೇ ಇದ್ದು, ಅಲ್ಲಿನ ವೃತ್ತಕ್ಕೆ ಡೇರಿ ವೃತ್ತವೆಂದೇ ಹೆಸರು ಬಂದಿದೆ.

ಸದಸ್ಯರು ಬೆಳಿಗ್ಗೆ ಹಾಗೂ ಸಂಜೆ ಸಂಘಕ್ಕೆ ಹಾಲು ತರುತ್ತಾರೆ. ಪ್ರತಿಯೊಬ್ಬರ ಹಾಲಿನಿಂದಲೂ ಮಾದರಿ ತೆಗೆದು ಜಿಡ್ಡು ಹಾಗೂ ಜಿಡ್ಡೇತರ ಘನಾಂಶಗಳನ್ನು ಪರೀಕ್ಷಿಸಲಾಗುತ್ತದೆ. ದರವು ಲೀಟರಿನೊಂದಿಗೆ ಈ ಎರಡು ಅಂಶಗಳನ್ನೂ ಅವಲಂಬಿಸಿರುತ್ತದೆ. ಆದ್ದರಿಂದ ನೀರು ಬೆರೆಸಿದಲ್ಲಿ ಅಳತೆ ಹೆಚ್ಚಿದರೂ ಹಣ ಹೆಚ್ಚುವುದಿಲ್ಲ. ಪರೀಕ್ಷೆಯ ಫಲಿತಾಂಶ ಮತ್ತು ಹಾಲಿನ ಪ್ರಮಾಣವನ್ನು ನಮೂದಿಸಿದ ಚೀಟಿ ಅಥವಾ ಪಾಸ್ ಪುಸ್ತಕದ ನಮೂದನ್ನು ಪ್ರತಿದಿನವೂ ಕೇಳಿ ಪಡೆಯುವುದು ಸದಸ್ಯರ ಹಕ್ಕು. ತಮ್ಮ ಹಾಲಿನ ಪರೀಕ್ಷೆಯನ್ನು ತಮ್ಮ ಎದುರಿನಲ್ಲಿಯೇ ಮಾಡುವಂತೆ ಕೇಳಲು ಸಂಕೋಚ ಪಡಬೇಕಾಗಿಲ್ಲ.

ಸರ್ಕಾರವು 2008ರಲ್ಲಿ ಲೀಟರಿಗೆ 2 ರೂ. ಪ್ರೋತ್ಸಾಹಧನವನ್ನು ಆರಂಭಿಸಿ, ತರುವಾಯ ಹಂತ ಹಂತವಾಗಿ 5 ರೂ.ಗೆ ಏರಿಸಿತು. ಈ ಮೊತ್ತವು ಹಾಲಿನ ದರಕ್ಕೆ ಹೊರತಾಗಿದ್ದು, ಸಂಘಕ್ಕೆ ಹಾಕಿದ ಹಾಲಿಗೆ ಮಾತ್ರ ದೊರೆಯುತ್ತದೆ. ಉದಾಹರಣೆಗೆ, ಎರಡು ಹಸುಗಳಿಂದ ದಿನಕ್ಕೆ 16 ಲೀಟರ್ ಹಾಲು ಹಾಕುವ ಕುಟುಂಬಕ್ಕೆ ಲೀಟರಿಗೆ 5 ರೂ.ನಂತೆ ದಿನಕ್ಕೆ 80 ರೂ., 30 ದಿನಗಳಿಗೆ 2,400 ರೂ. ಆಗುತ್ತದೆ. ಈ ಹಣವು ಫಲಾನುಭವಿಯ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುವುದರಿಂದ, ಖಾತೆಯು ಚಾಲ್ತಿಯಲ್ಲಿದೆಯೇ ಎಂಬುದನ್ನು ಆಗಾಗ ಪರಿಶೀಲಿಸಿಕೊಳ್ಳತಕ್ಕದ್ದು.

ಇಲ್ಲಿ ಒಂದು ವಾಸ್ತವವನ್ನು ಮರೆಮಾಚುವುದು ಸರಿಯಲ್ಲ. ಸಿಂಗಸಂದ್ರದಂತಹ ಊರಿನಲ್ಲಿ ಬಡಾವಣೆಯ ಮನೆಗಳಿಗೆ ನೇರವಾಗಿ ಹಾಲು ಹಾಕಿದರೆ ಸಂಘದ ದರಕ್ಕಿಂತ ಹೆಚ್ಚು ಹಣ ಸಿಗುತ್ತದೆ. ಹಾಗಾಗಿ ಒಳ್ಳೆಯ ಹಾಲನ್ನು ಮನೆಗಳಿಗೆ ಹಾಕಿ, ಉಳಿದುದನ್ನಷ್ಟೇ ಸಂಘಕ್ಕೆ ತರುವ ರೂಢಿಯು ಬೆಳೆದಿದೆ. ಸದಸ್ಯರ ಲೆಕ್ಕಾಚಾರವು ಅರ್ಥವಾಗುವಂಥದೇ. ಆದರೆ ಶಾಲೆಗಳಿಗೆ ರಜೆ ಬಂದು ಬಡಾವಣೆಯ ಮನೆಗಳು ಬೀಗ ಹಾಕಿದಾಗ, 2020ರ ಲಾಕ್‌ಡೌನ್‌ನಂತಹ ಸಂದರ್ಭದಲ್ಲಿ ಮನೆ ಮನೆಗೆ ಹೋಗಲು ತೊಡಕಾದಾಗ, ಹಸು ಮಾತ್ರ ಹಾಲು ಕೊಡುವುದನ್ನು ನಿಲ್ಲಿಸುವುದಿಲ್ಲ. ವರ್ಷದ ಎಲ್ಲ ದಿನವೂ ಹಾಲನ್ನು ಕೊಳ್ಳುವ ವ್ಯವಸ್ಥೆಯೆಂದರೆ ಸಂಘವೇ. ಒಕ್ಕೂಟದ ಪಶು ಆಹಾರ, ಕೃತಕ ಗರ್ಭಧಾರಣೆ, ತುರ್ತು ಪಶುವೈದ್ಯ ಸೇವೆ, ರಾಸು ವಿಮೆ ಮುಂತಾದವುಗಳೂ ಸಂಘದ ಮುಖಾಂತರವೇ ಬರುತ್ತವೆ. ಮೇವು ಬೆಳೆಯಲು ಸ್ಥಳವಿಲ್ಲದೆ ಹಿಂಡಿ, ಬೂಸಾ, ಒಣಹುಲ್ಲು ಎಲ್ಲವನ್ನೂ ಕೊಂಡು ತರಬೇಕಾದ ಇಲ್ಲಿನ ಹೈನುಗಾರರಿಗೆ ಇವು ಸಣ್ಣ ಅನುಕೂಲಗಳಲ್ಲ. ಹಾಲಿನ ಸಂಗ್ರಹಣೆಯು ತೀರಾ ಕುಸಿದರೆ ಸಂಘಕ್ಕೆ ಕಾರ್ಯದರ್ಶಿಯ ವೇತನವೂ ಹುಟ್ಟುವುದಿಲ್ಲ, ಹಾಲಿನ ವಾಹನವನ್ನು ಕಳುಹಿಸುವುದು ಒಕ್ಕೂಟಕ್ಕೂ ಗಿಟ್ಟುವುದಿಲ್ಲ. ಒಮ್ಮೆ ಮುಚ್ಚಿದ ಸಂಘವನ್ನು ಮತ್ತೆ ತೆರೆಯುವುದು ಬಹಳ ಕಷ್ಟ. ಆದ್ದರಿಂದ ಹಾಲಿನ ಒಂದು ಪಾಲನ್ನಾದರೂ ತಪ್ಪದೆ ಸಂಘಕ್ಕೆ ಹಾಕುವುದು ಸದಸ್ಯರ ಹಿತದಲ್ಲಿಯೇ ಇದೆ.

ಹಣ್ಣು ಮತ್ತು ತರಕಾರಿ ಬೆಳೆಗಾರರಿಗೆ

ಬೆಂಗಳೂರು ಸುತ್ತಮುತ್ತಲಿನ ದ್ರಾಕ್ಷಿ ಬೆಳೆಗಾರರು ದಲ್ಲಾಳಿಗಳ ಕೈಯಲ್ಲಿ ಸಿಲುಕಿದ್ದ ಕಾಲದಲ್ಲಿ, ತೋಟಗಾರಿಕೆ ಇಲಾಖೆಯ ಡಾ. ಎಂ.ಎಚ್. ಮರಿಗೌಡ ಅವರ ಪ್ರಯತ್ನದಿಂದ 1959ರ ಸೆಪ್ಟೆಂಬರ್‌ನಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವು ಆರಂಭವಾಯಿತು. ಮುಂದೆ ಇತರ ಹಣ್ಣು ಮತ್ತು ತರಕಾರಿಗಳನ್ನೂ ಸೇರಿಸಿಕೊಂಡು 1987ರಲ್ಲಿ ಅದು ಹಾಪ್‌ಕಾಮ್ಸ್ ಎಂಬ ಹೆಸರನ್ನು ಪಡೆಯಿತು. ಸದಸ್ಯ ರೈತರು ತಂದ ಉತ್ಪನ್ನಕ್ಕೆ ಆಯಾ ದಿನದ ದರವನ್ನು ನಿಗದಿಪಡಿಸಿ, ಸಂಸ್ಥೆಯೇ ತೂಗಿ ಪಡೆದು, ತನ್ನ ಮಳಿಗೆಗಳಲ್ಲಿ ಗ್ರಾಹಕರಿಗೆ ಮಾರುತ್ತದೆ. ಮಾರುಕಟ್ಟೆಯಲ್ಲಿ ತೂಕದಲ್ಲಿ ಕಡಿತ ಹಾಗೂ ಕಮಿಷನ್ ಎಂದು ರೈತರು ಕಳೆದುಕೊಳ್ಳುತ್ತಿದ್ದುದು ಇಲ್ಲಿ ಉಳಿಯುತ್ತದೆ. ಆದರೆ ಸಂಸ್ಥೆಯು ತನ್ನ ಮಾರಾಟದ ಅಗತ್ಯಕ್ಕೆ ತಕ್ಕಷ್ಟನ್ನು ಮಾತ್ರ ಖರೀದಿಸಬಲ್ಲದು. ಆದ್ದರಿಂದ ಬೆಳೆಗಾರರು ಯಾವ ತರಕಾರಿಗೆ ಯಾವಾಗ ಬೇಡಿಕೆ ಇರುತ್ತದೆ ಎಂಬುದನ್ನು ಖರೀದಿ ಕೇಂದ್ರದಲ್ಲಿ ಮುಂಚಿತವಾಗಿ ವಿಚಾರಿಸಿಕೊಂಡು ಬಿತ್ತನೆ ಮಾಡುವುದು ಸೂಕ್ತ.

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ

ಹಿರಿಯರು ವಿ.ಎಸ್.ಎಸ್.ಎನ್. ಎಂದೂ, ಬರಿದೇ ಸೊಸೈಟಿ ಎಂದೂ ಕರೆಯುವುದು ಇದನ್ನೇ. ಬೆಂಗಳೂರು ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕಿನಿಂದ ಹಣ ಪಡೆದು ಸದಸ್ಯ ರೈತರಿಗೆ ಬೆಳೆ ಸಾಲ ನೀಡುವುದು, ರಸಗೊಬ್ಬರ ಹಾಗೂ ಬೀಜ ಮಾರುವುದು ಇದರ ಮುಖ್ಯ ಕೆಲಸ.

ಸರ್ಕಾರವು ಬಡ್ಡಿ ರಹಿತ ಅಲ್ಪಾವಧಿ ಕೃಷಿ ಸಾಲದ ಮಿತಿಯನ್ನು 2023-24ನೇ ಸಾಲಿನಲ್ಲಿ 3 ಲಕ್ಷ ರೂ.ಗಳಿಂದ 5 ಲಕ್ಷ ರೂ.ಗಳಿಗೆ ಹೆಚ್ಚಿಸಿತು. ಶೇ. 3ರ ಬಡ್ಡಿಯ ಮಧ್ಯಮಾವಧಿ ಹಾಗೂ ದೀರ್ಘಾವಧಿ ಸಾಲದ ಮಿತಿಯು 15 ಲಕ್ಷ ರೂ. ಆಯಿತು. ಮಿತಿ ಇಷ್ಟು ಎಂದ ಮಾತ್ರಕ್ಕೆ ಎಲ್ಲರಿಗೂ ಅಷ್ಟು ಸಾಲ ಸಿಗುತ್ತದೆ ಎಂದಲ್ಲ. ಬೆಳೆ, ವಿಸ್ತೀರ್ಣ ಹಾಗೂ ಬ್ಯಾಂಕಿನಲ್ಲಿ ಲಭ್ಯವಿರುವ ಹಣವನ್ನು ನೋಡಿ ಮೊತ್ತವನ್ನು ನಿರ್ಧರಿಸಲಾಗುತ್ತದೆ. ಮತ್ತೊಂದು ಷರತ್ತನ್ನು ಅನೇಕರು ಗಮನಿಸುವುದಿಲ್ಲ. ಗಡುವಿನೊಳಗೆ ಸಾಲ ಮರುಪಾವತಿ ಮಾಡಿದವರಿಗೆ ಮಾತ್ರ ಬಡ್ಡಿ ರಿಯಾಯಿತಿ ಅನ್ವಯಿಸುತ್ತದೆ. ಗಡುವಿನ ದಿನ ತಪ್ಪಿದರೆ ಶೂನ್ಯ ಬಡ್ಡಿಯ ಸಾಲವು ಪೂರ್ಣ ಬಡ್ಡಿಯ ಸಾಲವಾಗುತ್ತದೆ. ಗಡುವಿನ ದಿನಾಂಕವನ್ನು ಸಾಲ ಪಡೆಯುವಾಗಲೇ ಬರೆದಿಟ್ಟುಕೊಳ್ಳಿ.

ಸಿಂಗಸಂದ್ರದ ಸುತ್ತ ಭೂ ಪರಿವರ್ತನೆಯಾದ ಜಮೀನುಗಳೇ ಹೆಚ್ಚು. ಕೃಷಿಯೇತರ ಉದ್ದೇಶಕ್ಕೆ ಪರಿವರ್ತನೆಯಾದ ಜಮೀನಿನ ಮೇಲೆ ಬೆಳೆ ಸಾಲ ಪಡೆಯಲು ಅವಕಾಶವಿಲ್ಲ. ಆದರೆ ಹಸು ಸಾಕಣೆಯ ನಿತ್ಯದ ವೆಚ್ಚಕ್ಕೆ ಸಾಲದ ದಾರಿ ಇದೆ. 2019ರಿಂದ ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವನ್ನು ಪಶುಸಂಗೋಪನೆಗೂ ವಿಸ್ತರಿಸಲಾಗಿದೆ.

ಗ್ರಾಮವು ನಗರವಾದಾಗ ಸಂಘದ ಗತಿ ಏನು?

ಈ ಪ್ರದೇಶದ ಸದಸ್ಯರಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಈ ವಿಷಯದಲ್ಲಿ. ಗ್ರಾಮವು ಪಾಲಿಕೆಗೆ ಸೇರಿದೊಡನೆ ಗ್ರಾಮ ಪಂಚಾಯಿತಿಯು ಇಲ್ಲವಾಗುತ್ತದೆ. ಸಹಕಾರ ಸಂಘವು ಹಾಗಲ್ಲ. ಸಂಘದ ಕಾರ್ಯವ್ಯಾಪ್ತಿಯು ಅದರ ಉಪವಿಧಿಯಲ್ಲಿ ಬರೆದಿರುವ ಗ್ರಾಮಗಳ ಪಟ್ಟಿಗೆ ಅನುಗುಣವಾಗಿ ಇರುತ್ತದೆಯೇ ಹೊರತು ಪಾಲಿಕೆಯ ಗಡಿಗೆ ಅನುಗುಣವಾಗಿ ಅಲ್ಲ. ಆ ಪಟ್ಟಿ ಬದಲಾಗಬೇಕಾದರೆ ಸಾಮಾನ್ಯ ಸಭೆಯಲ್ಲಿ ನಿರ್ಣಯವಾಗಿ, ಕಾಯ್ದೆಯ ಕಲಂ 12ರ ಮೇರೆಗೆ ಉಪವಿಧಿಯ ತಿದ್ದುಪಡಿಯು ನೋಂದಣಿಯಾಗಬೇಕು. 2025ರಲ್ಲಿ ಬೆಂಗಳೂರಿನ ಪಾಲಿಕೆಯನ್ನು ಐದು ನಗರ ಪಾಲಿಕೆಗಳಾಗಿ ವಿಂಗಡಿಸಿದುದರಿಂದಲೂ ಯಾವ ಸಂಘದ ಕಾರ್ಯವ್ಯಾಪ್ತಿಯೂ ತಾನಾಗಿಯೇ ಬದಲಾಗಿಲ್ಲ. "ನೀವೀಗ ನಗರದವರು, ನಿಮಗೆ ಇಲ್ಲಿ ಸದಸ್ಯತ್ವ ಇಲ್ಲ" ಎಂದು ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದಲ್ಲಿ, ಉಪವಿಧಿಯಲ್ಲಿರುವ ಗ್ರಾಮಗಳ ಪಟ್ಟಿಯನ್ನು ತೋರಿಸುವಂತೆ ಕೇಳಿರಿ.

ಸದಸ್ಯರು ಹಕ್ಕು ಕಳೆದುಕೊಳ್ಳುವುದು ಗಡಿ ಬದಲಾವಣೆಯಿಂದಲ್ಲ, ತಮ್ಮ ಉದಾಸೀನದಿಂದ. ಸಾಮಾನ್ಯ ಸಭೆಗಳಿಗೆ ಬಾರದೆ, ಉಪವಿಧಿಯಲ್ಲಿ ಹೇಳಿದ ಕನಿಷ್ಠ ವ್ಯವಹಾರವನ್ನೂ ಮಾಡದೆ ಇರುವ ಸದಸ್ಯರು ಮತದಾನದ ಹಕ್ಕನ್ನು ಕಳೆದುಕೊಳ್ಳುವಂತೆ ಕಾಯ್ದೆಯಲ್ಲಿ ಅವಕಾಶವಿದೆ. ಚುನಾವಣೆ ಬಂದಾಗ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲವೆಂದು ದೂರುವವರಲ್ಲಿ ಹೆಚ್ಚಿನವರು ವರ್ಷಗಟ್ಟಲೆ ಸಂಘದ ಮೆಟ್ಟಿಲು ಹತ್ತಿರುವುದಿಲ್ಲ. ವಾರ್ಷಿಕ ಸಾಮಾನ್ಯ ಸಭೆಯು ಸಾಧಾರಣವಾಗಿ ಸೆಪ್ಟೆಂಬರ್ ತಿಂಗಳಿನಲ್ಲಿ ನಡೆಯುತ್ತದೆ. ಸಭೆಯ ನೋಟಿಸು ಹಳೆಯ ವಿಳಾಸಕ್ಕೆ ಹೋಗಿ ಹಿಂದಿರುಗುವುದು ಇಲ್ಲಿ ಸಾಮಾನ್ಯವಾಗಿರುವುದರಿಂದ, ಮನೆ ಬದಲಾಯಿಸಿದವರು ಹೊಸ ವಿಳಾಸ ಹಾಗೂ ದೂರವಾಣಿ ಸಂಖ್ಯೆಯನ್ನು ಸಂಘಕ್ಕೆ ಲಿಖಿತವಾಗಿ ತಿಳಿಸತಕ್ಕದ್ದು. ಸಭೆಗೆ ಹೋದಾಗ ಹಾಜರಾತಿ ಪುಸ್ತಕದಲ್ಲಿ ಸಹಿ ಮಾಡುವುದನ್ನು ಮರೆಯಬಾರದು. ಸಹಿ ಇಲ್ಲದ ಹಾಜರಿಯು ಲೆಕ್ಕಕ್ಕೆ ಬರುವುದಿಲ್ಲ.

ತಂದೆ ಅಥವಾ ಅಜ್ಜನ ಹೆಸರಿನಲ್ಲಿ ಷೇರು ಇದ್ದು ಅವರು ಮೃತರಾಗಿದ್ದಲ್ಲಿ, ಆ ಷೇರು ಮನೆಯವರಿಗೆ ತಾನಾಗಿಯೇ ಸದಸ್ಯತ್ವವನ್ನು ತಂದುಕೊಡುವುದಿಲ್ಲ. ಮರಣ ಪ್ರಮಾಣಪತ್ರ, ನಾಮನಿರ್ದೇಶನದ ವಿವರ ಅಥವಾ ವಂಶವೃಕ್ಷದೊಂದಿಗೆ ಅರ್ಜಿ ಸಲ್ಲಿಸಿದಲ್ಲಿ ಷೇರಿನ ಮೊತ್ತವನ್ನು ವಾರಸುದಾರರಿಗೆ ವರ್ಗಾಯಿಸಲಾಗುವುದು. ಸದಸ್ಯರಾಗುವ ಅರ್ಹತೆ ಇದ್ದವರು ಸದಸ್ಯತ್ವಕ್ಕೂ ಆಗಲೇ ಅರ್ಜಿ ಸಲ್ಲಿಸಬಹುದು. ಬಹುಕಾಲದ ಹಿಂದಿನ ಷೇರಿನ ಮೊತ್ತ ಅಲ್ಪವಿರಬಹುದು. ಅದರೊಡನೆ ಬರುವ ಮತ ಹಾಗೂ ಸೌಲಭ್ಯಗಳು ಅಲ್ಪವಲ್ಲ.

ಸದಸ್ಯತ್ವಕ್ಕೆ ಅರ್ಜಿ ಸಲ್ಲಿಸುವ ವಿಧಾನ

ಸಂಘದ ಕಾರ್ಯದರ್ಶಿ ಅಥವಾ ಮುಖ್ಯ ಕಾರ್ಯನಿರ್ವಾಹಕರಿಂದ ನಿಗದಿತ ಅರ್ಜಿಯನ್ನು ಪಡೆದು, ಉಪವಿಧಿಯಲ್ಲಿ ಹೇಳಿರುವ ಪ್ರವೇಶ ಶುಲ್ಕ ಹಾಗೂ ಷೇರು ಹಣದೊಂದಿಗೆ ಸಲ್ಲಿಸತಕ್ಕದ್ದು. ಭಾವಚಿತ್ರ, ಆಧಾರ್, ವಾಸಸ್ಥಳದ ದಾಖಲೆ ಹಾಗೂ ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಗಳು ಎಲ್ಲ ಸಂಘಗಳಿಗೂ ಬೇಕಾಗುತ್ತವೆ. ಕೃಷಿ ಪತ್ತಿನ ಸಂಘಕ್ಕೆ ಪಹಣಿ ಹಾಗೂ ಫ್ರೂಟ್ಸ್ ತಂತ್ರಾಂಶದ ಗುರುತಿನ ಸಂಖ್ಯೆಯೂ ಬೇಕು. ನಾಮನಿರ್ದೇಶನದ ಕಾಲಂ ಅನ್ನು ಖಾಲಿ ಬಿಡಬಾರದು. ಹಣ ಸಂದಾಯ ಮಾಡಿದುದಕ್ಕೆ ರಶೀದಿಯನ್ನೂ ಅರ್ಜಿಯ ನಕಲಿನ ಮೇಲೆ ಸ್ವೀಕೃತಿಯನ್ನೂ ತಪ್ಪದೆ ಪಡೆಯಿರಿ. ಅರ್ಜಿಯನ್ನು ಆಡಳಿತ ಮಂಡಳಿಯ ಸಭೆಯ ಮುಂದಿಟ್ಟು ತೀರ್ಮಾನಿಸಲಾಗುತ್ತದೆ. ನಿರಾಕರಿಸಿದಲ್ಲಿ ಕಾರಣವನ್ನು ಲಿಖಿತವಾಗಿ ಕೇಳಿ ಪಡೆದು ಇಲಾಖೆಯ ಅಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು.

ತಮಗೆ ದೊರೆತಿರುವುದು ಯಾವ ಬಗೆಯ ಸದಸ್ಯತ್ವ ಎಂಬುದನ್ನೂ ನೋಡಿಕೊಳ್ಳಿ. ನಾಮಮಾತ್ರ ಸದಸ್ಯರು ಮತ್ತು ಸಹ ಸದಸ್ಯರಿಗೆ ಮತದಾನದ ಹಕ್ಕಿಲ್ಲ. ಠೇವಣಿ ಇಡುವಾಗ ಅಥವಾ ಒಡವೆ ಸಾಲ ಪಡೆಯುವಾಗ ಅಲ್ಪ ಶುಲ್ಕ ಪಡೆದು ಮಾಡಿಕೊಡುವ ಸದಸ್ಯತ್ವವು ಬಹುತೇಕ ಈ ಬಗೆಯದು.

ಆಡಳಿತ ಮಂಡಳಿಯ ಅವಧಿಯು ಐದು ವರ್ಷ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಹಾಗೂ ಮಹಿಳೆಯರಿಗೆ ಮಂಡಳಿಯಲ್ಲಿ ಸ್ಥಾನಗಳನ್ನು ಮೀಸಲಿರಿಸಲಾಗಿದೆ.

ಯಶಸ್ವಿನಿ ಯೋಜನೆ

ಗ್ರಾಮೀಣ ಸಹಕಾರ ಸಂಘದ ಸದಸ್ಯತ್ವದಿಂದ ದೊರೆಯುವ ದೊಡ್ಡ ಸೌಲಭ್ಯಗಳಲ್ಲಿ ಇದೂ ಒಂದು. ಬೊಮ್ಮಸಂದ್ರದ ನಾರಾಯಣ ಹೃದಯಾಲಯದ ಡಾ. ದೇವಿ ಶೆಟ್ಟಿ ಅವರ ಸಲಹೆಯ ಹಿನ್ನೆಲೆಯಲ್ಲಿ ರೂಪುಗೊಂಡ ಈ ಯೋಜನೆಯು 2003ರ ಜೂನ್‌ನಿಂದ ಕಾರ್ಯಾರಂಭ ಮಾಡಿತು. ಆಗ ಸದಸ್ಯರು ಕಟ್ಟಬೇಕಾಗಿದ್ದುದು ತಿಂಗಳಿಗೆ 5 ರೂ.ನಂತೆ ವರ್ಷಕ್ಕೆ 60 ರೂ. ಮಾತ್ರ. 2018ರಲ್ಲಿ ಇದನ್ನು ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವಿಲೀನಗೊಳಿಸಲಾಗಿತ್ತು. ಸಹಕಾರಿಗಳ ಬೇಡಿಕೆಯ ಮೇರೆಗೆ 2022-23ನೇ ಸಾಲಿನಲ್ಲಿ ಮರು ಜಾರಿಗೊಳಿಸಲಾಯಿತು. ಮರು ಜಾರಿಯ ಸಂದರ್ಭದಲ್ಲಿ ನಾಲ್ವರ ಕುಟುಂಬಕ್ಕೆ ವಾರ್ಷಿಕ ವಂತಿಗೆಯನ್ನು ಗ್ರಾಮೀಣ ಸಂಘಗಳ ಸದಸ್ಯರಿಗೆ 500 ರೂ., ನಗರ ಸಂಘಗಳ ಸದಸ್ಯರಿಗೆ 1,000 ರೂ. ಎಂದೂ, ಚಿಕಿತ್ಸಾ ವೆಚ್ಚದ ವಾರ್ಷಿಕ ಮಿತಿಯನ್ನು 5 ಲಕ್ಷ ರೂ. ಎಂದೂ ನಿಗದಿಪಡಿಸಲಾಯಿತು. ತಮ್ಮ ಸಂಘವನ್ನು ಗ್ರಾಮೀಣ ಎಂದು ಪರಿಗಣಿಸಲಾಗಿದೆಯೇ, ನಗರ ಎಂದೇ ಎಂಬುದನ್ನು ಸಿಂಗಸಂದ್ರದಂತಹ ಪ್ರದೇಶದವರು ಹಣ ಕಟ್ಟುವ ಮುನ್ನ ಕಾರ್ಯದರ್ಶಿಯವರಲ್ಲಿ ಖಚಿತಪಡಿಸಿಕೊಳ್ಳಬೇಕು. ನೋಂದಣಿಯು ವರ್ಷದ ನಿಗದಿತ ಅವಧಿಯಲ್ಲಿ ಮಾತ್ರ ನಡೆಯುತ್ತದೆ. ಕಾಯಿಲೆ ಬಂದ ಮೇಲೆ ಆ ವರ್ಷಕ್ಕೆ ಸೇರಲು ಅವಕಾಶವಿರುವುದಿಲ್ಲ.

ಠೇವಣಿ ಇಡುವ ಮುನ್ನ

ಜಮೀನು ಮಾರಿದ ಅಥವಾ ಭೂಸ್ವಾಧೀನದ ಪರಿಹಾರ ಪಡೆದ ಕುಟುಂಬಗಳ ಕೈಗೆ ಒಮ್ಮೆಲೇ ದೊಡ್ಡ ಮೊತ್ತ ಬರುತ್ತದೆ. ಹೆಚ್ಚಿನ ಬಡ್ಡಿಯ ಆಸೆಗೆ ಅದೆಲ್ಲವನ್ನೂ ಒಂದೇ ಸಹಕಾರ ಸಂಸ್ಥೆಯಲ್ಲಿ ಇಡುವುದು ವಿವೇಕವಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ನಗರ ಸಹಕಾರ ಬ್ಯಾಂಕೊಂದರ ಮೇಲೆ ಭಾರತೀಯ ರಿಸರ್ವ್ ಬ್ಯಾಂಕು ನಿರ್ಬಂಧ ವಿಧಿಸಿ, ಠೇವಣಿದಾರರು ಹಿಂಪಡೆಯಬಹುದಾದ ಮೊತ್ತವನ್ನು 35,000 ರೂ.ಗೆ ಸೀಮಿತಗೊಳಿಸಿತು. ನಿವೃತ್ತಿಯ ಹಣ, ಮಗಳ ಮದುವೆಯ ಹಣ ಇಟ್ಟವರು ಪಟ್ಟ ಪಾಡು ನಗರದ ಜನರಿಗೆ ತಿಳಿದೇ ಇದೆ.

ಅದರ ಮುಂದಿನ ತಿಂಗಳು, 2020ರ ಫೆಬ್ರವರಿ 4ರಿಂದ, ಬ್ಯಾಂಕ್ ಠೇವಣಿಗಳ ವಿಮಾ ರಕ್ಷಣೆಯನ್ನು 1 ಲಕ್ಷ ರೂ.ಗಳಿಂದ 5 ಲಕ್ಷ ರೂ.ಗಳಿಗೆ ಹೆಚ್ಚಿಸಲಾಯಿತು. ಈ ವಿಮೆಯು ಬ್ಯಾಂಕುಗಳಿಗೆ ಮಾತ್ರ ಅನ್ವಯಿಸುತ್ತದೆ. ನಗರ ಸಹಕಾರ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕುಗಳು ಇದರಲ್ಲಿ ಸೇರುತ್ತವೆ. ಪ್ರಾಥಮಿಕ ಕೃಷಿ ಪತ್ತಿನ ಸಂಘ, ಪತ್ತಿನ ಸಹಕಾರ ಸಂಘ ಹಾಗೂ ಸೌಹಾರ್ದ ಪತ್ತಿನ ಸಹಕಾರಿಗಳಲ್ಲಿ ಇಟ್ಟ ಠೇವಣಿಗೆ ಈ ರಕ್ಷಣೆ ಇಲ್ಲ. ಆದ್ದರಿಂದ ಫಲಕದ ಮೇಲಿನ ಹೆಸರನ್ನು ಪೂರ್ಣವಾಗಿ ಓದಿ, ಸಂಸ್ಥೆಯು ಬ್ಯಾಂಕೇ ಅಥವಾ ಸಂಘವೇ ಎಂಬುದನ್ನು ತಿಳಿದುಕೊಳ್ಳಿ. ಇತ್ತೀಚಿನ ಲೆಕ್ಕಪರಿಶೋಧನಾ ವರದಿಯಲ್ಲಿ ಸಂಘಕ್ಕೆ ಯಾವ ವರ್ಗೀಕರಣ ದೊರೆತಿದೆ, ಸುಸ್ತಿ ಸಾಲ ಎಷ್ಟಿದೆ ಎಂಬುದನ್ನು ವಿಚಾರಿಸಿ. ಬೇರೆ ಸಂಸ್ಥೆಗಳಿಗಿಂತ ಬಹಳ ಹೆಚ್ಚು ಬಡ್ಡಿ ಕೊಡುವುದಾಗಿ ಹೇಳಿದರೆ, ಆ ಬಡ್ಡಿಯನ್ನು ಕೊಡಲು ಸಂಘವು ಹಣವನ್ನು ಎಲ್ಲಿ ದುಡಿಸುತ್ತಿದೆ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ದೂರು ಹಾಗೂ ವಿವಾದಗಳು

ದೂರು ಸಲ್ಲಿಸುವ ಮುನ್ನ ಸಂಘವು ಯಾವ ಕಾಯ್ದೆಯಡಿ ನೋಂದಣಿಯಾಗಿದೆ ಎಂಬುದನ್ನು ತಿಳಿಯಬೇಕು. ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ವ್ಯವಹರಿಸುವ ಬಹುರಾಜ್ಯ ಸಹಕಾರ ಸಂಘಗಳು 2002ರ ಕೇಂದ್ರ ಕಾಯ್ದೆಗೆ ಒಳಪಟ್ಟಿರುತ್ತವೆ. ಅವುಗಳ ದೂರನ್ನು ಕೇಂದ್ರ ನಿಬಂಧಕರಿಗೆ ಸಲ್ಲಿಸಬೇಕು, ರಾಜ್ಯದ ಇಲಾಖೆಗೆ ಅಲ್ಲ.

1959ರ ಕಾಯ್ದೆಯಡಿ ಬರುವ ಸಂಘಗಳಿಗೆ ಸಂಬಂಧಿಸಿದಂತೆ ಮೊದಲು ಸಂಘದ ಆಡಳಿತ ಮಂಡಳಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯಿರಿ. ಪರಿಹಾರ ದೊರೆಯದಿದ್ದಲ್ಲಿ ತಾಲ್ಲೂಕಿನ ಸಹಕಾರ ಅಭಿವೃದ್ಧಿ ಅಧಿಕಾರಿ, ಉಪವಿಭಾಗದ ಸಹಾಯಕ ನಿಬಂಧಕರು, ಜಿಲ್ಲೆಯ ಉಪ ನಿಬಂಧಕರು ಈ ಕ್ರಮದಲ್ಲಿ ಅರ್ಜಿ ಸಲ್ಲಿಸಬಹುದು. ಸದಸ್ಯರು ಹಾಗೂ ಸಂಘದ ನಡುವಿನ ಹಣಕಾಸು, ಸದಸ್ಯತ್ವ, ಚುನಾವಣೆ ಮುಂತಾದ ವಿವಾದಗಳನ್ನು ಕಲಂ 70ರ ಮೇರೆಗೆ ದಾವೆಯ ರೂಪದಲ್ಲಿ ಸಲ್ಲಿಸಬೇಕಾಗುತ್ತದೆ. ಸಂಘದಲ್ಲಿ ಹಣ ದುರುಪಯೋಗವಾಗಿರುವ ಶಂಕೆ ಇದ್ದಲ್ಲಿ ಕಲಂ 64ರ ಮೇರೆಗೆ ವಿಚಾರಣೆ ನಡೆಸಲು, ನಷ್ಟ ಉಂಟುಮಾಡಿದವರಿಂದ ಕಲಂ 69ರ ಮೇರೆಗೆ ವಸೂಲಿ ಮಾಡಲು ಅವಕಾಶವಿದೆ.

ಮಾಹಿತಿ ಹಕ್ಕು ಕಾಯ್ದೆಯಡಿ ನೇರವಾಗಿ ಸಂಘಕ್ಕೆ ಅರ್ಜಿ ಸಲ್ಲಿಸಿ ನಿರಾಶರಾಗುವವರು ಅನೇಕರಿದ್ದಾರೆ. ಸರ್ಕಾರದ ಗಣನೀಯ ಹಣಕಾಸು ಅಥವಾ ನಿಯಂತ್ರಣ ಇಲ್ಲದ ಸಹಕಾರ ಸಂಘಗಳು ಆ ಕಾಯ್ದೆಯ ಅರ್ಥದಲ್ಲಿ ಸಾರ್ವಜನಿಕ ಪ್ರಾಧಿಕಾರಗಳಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಕೇರಳದ ಪ್ರಕರಣವೊಂದರಲ್ಲಿ ತೀರ್ಪು ನೀಡಿದೆ. ಆದರೆ ಸಂಘವು ಇಲಾಖೆಗೆ ಸಲ್ಲಿಸಿರುವ ಲೆಕ್ಕಪತ್ರಗಳು, ಲೆಕ್ಕಪರಿಶೋಧನಾ ವರದಿ, ನೋಂದಾಯಿತ ಉಪವಿಧಿ ಮುಂತಾದ ದಾಖಲೆಗಳನ್ನು ನಿಬಂಧಕರ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗಳಿಂದ ಕೇಳಬಹುದು. ಅರ್ಜಿಯಲ್ಲಿ ಸಂಘದ ಪೂರ್ಣ ಹೆಸರು, ನೋಂದಣಿ ಸಂಖ್ಯೆ ಹಾಗೂ ಯಾವ ವರ್ಷದ ದಾಖಲೆ ಬೇಕು ಎಂಬುದನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ನೋಂದಣಿ ಸಂಖ್ಯೆಯು ಸಂಘದ ನಾಮಫಲಕದ ಮೇಲೆ ಅಥವಾ ತಮ್ಮ ಷೇರು ಪ್ರಮಾಣಪತ್ರದ ಮೇಲೆ ಮುದ್ರಿತವಾಗಿರುತ್ತದೆ.